ಮುಂದಿನವನ ಬೆನ್ನು

ಮಾರ್ಚ್ 5, ಮಂಗಳವಾರ

ಇದು ಸೈಕಲ್ ಸವಾರಿಯ ಪುಸ್ತಕ. ಹನ್ನೊಂದು ವರ್ಷದಿಂದ ಇದರಲ್ಲಿ ದಿನಾಂಕ, ದೂರ, ಏರಿದ ಎತ್ತರ, ಗಾಳಿಯ ದಿಕ್ಕು ಇಷ್ಟನ್ನೇ ಬರೆಯುತ್ತ ಬಂದಿದ್ದೇನೆ. ಇನ್ನು ಹತ್ತು ವಾರ ಬರೆಯಲು ದೂರವೂ ಇಲ್ಲ, ಎತ್ತರವೂ ಇಲ್ಲ. ಪುಟ ಖಾಲಿ ಬಿಡಲು ಮನಸ್ಸು ಬರುತ್ತಿಲ್ಲ.

ನಡೆದದ್ದು ಇಷ್ಟು. ಮೊನ್ನೆ ಭಾನುವಾರ ಬೆಳಗ್ಗೆ ಏಳು ಇಪ್ಪತ್ತು. ನಾವು ಐದು ಜನ ಸಾಲಾಗಿ ಹೋಗುತ್ತಿದ್ದೆವು. ಮೊದಲು ಭಾವ, ಅವನ ಹಿಂದೆ ನಾನು. ವೇಗ ಗಂಟೆಗೆ ಮೂವತ್ತೆರಡು ಕಿಲೋಮೀಟರ್. ರಸ್ತೆಯ ಎಡಗಡೆ ಒಂದು ಗುಂಡಿ. ಭಾವ ಅದನ್ನು ತಪ್ಪಿಸಲು ಬಲಕ್ಕೆ ಬಂದ. ಅವನ ಹಿಂದಿನ ಚಕ್ರ ನನ್ನ ಮುಂದಿನ ಚಕ್ರಕ್ಕೆ ತಾಗಿತು. ಬಿದ್ದದ್ದು ನಾನೊಬ್ಬನೇ. ಎಡ ಭುಜಕ್ಕೆ ಸೇರುವ ಕೊರಳೆಲುಬು ಎರಡು ತುಂಡು.

ಸಾಲಿನಲ್ಲಿ ಹೋಗುವಾಗ ಹಿಂದಿನವರಿಗೆ ರಸ್ತೆ ಕಾಣುವುದಿಲ್ಲ, ಮುಂದಿನವನ ಬೆನ್ನು ಮಾತ್ರ ಕಾಣುತ್ತದೆ. ಅದಕ್ಕೇ ಮುಂದಿನವನು ಗುಂಡಿ ಕಂಡರೆ ಒಂದು ಕೈ ಹಿಂದಕ್ಕೆ ತಂದು ಬೆರಳು ತೋರಿಸಬೇಕು. ಭಾವ ತೋರಿಸಲಿಲ್ಲ.

ಆಸ್ಪತ್ರೆಯಲ್ಲಿ ಹೆಲ್ಮೆಟ್ ಹಿಡಿದುಕೊಂಡು ಮಂಚದ ಪಕ್ಕ ನಿಂತಿದ್ದ. "ಕೈ ತೋರಿಸ್ಲಿಲ್ವಲ್ಲೋ" ಎಂದೆ. ತನ್ನ ಎಡಗೈಯ ಬೆರಳು ನೋಡಿಕೊಂಡ. ಆಮೇಲೆ "ಇಲ್ಲ ಅನ್ಸುತ್ತೆ ಭಾವ. ನನ್ನದೇ ತಪ್ಪು" ಎಂದ.

ಅವನು ನನ್ನ ಹೆಂಡತಿಯ ಅಣ್ಣ. ಅದಕ್ಕೂ ಮೊದಲು ನನ್ನ ಕ್ಲಾಸ್‌ಮೇಟ್. ನಾನು ಅವನಿಗೆ ಭಾವ, ಅವನು ನನಗೆ ಭಾವ. ಗುಂಪಿನಲ್ಲಿ ಯಾರಾದರೂ "ಭಾವಾ" ಎಂದು ಕೂಗಿದರೆ ಇಬ್ಬರೂ ಬ್ರೇಕ್ ಹಾಕುತ್ತೇವೆ.

ಮಾರ್ಚ್ 10, ಭಾನುವಾರ

ಐದೂವರೆಗೆ ಎಚ್ಚರವಾಯಿತು. ಅದೇ ಹೊತ್ತಿಗೆ ಕೆಳಗಿನ ರಸ್ತೆಯಲ್ಲಿ ನಮ್ಮವರು ಹೋದರು. ಪೆಡಲ್ ತುಳಿಯದೆ ಜಾರಿಬಿಟ್ಟಾಗ ಚಕ್ರದ ನಡುವಿನಿಂದ ಬರುವ ಆ ಟಕಟಕ ಸದ್ದು ಕೇಳಿಸಿತು. ಕಿಟಕಿಗೆ ಹೋಗಿ ನೋಡಿದೆ. ಮೂರೇ ದೀಪ. ಭಾವ ಬಂದಿಲ್ಲ.

ಜೂನ್ ಎರಡನೇ ಭಾನುವಾರ ಬೆಟ್ಟದ ರಸ್ತೆ. ಪ್ರತಿವರ್ಷ ಹೋಗುವುದು. ಇಲ್ಲಿಂದ ತಪ್ಪಲಿನವರೆಗೆ ತೊಂಬತ್ತು ಕಿಲೋಮೀಟರ್, ಆಮೇಲೆ ಹತ್ತೊಂಬತ್ತು ಕಿಲೋಮೀಟರ್ ಏರು, ಇಪ್ಪತ್ತೆಂಟು ತಿರುವು. ಡಾಕ್ಟರು ಹತ್ತು ವಾರ ಸೈಕಲ್ ಮುಟ್ಟಬೇಡಿ ಎಂದಿದ್ದಾರೆ. ಎಣಿಸಿ ನೋಡಿದೆ. ಬೆಟ್ಟಕ್ಕೆ ಮೊದಲು ನಾಲ್ಕು ವಾರ ಸಿಗುತ್ತದೆ. ಸಾಕು.

ಮಾರ್ಚ್ 16, ಶನಿವಾರ

ನಮ್ಮ ಗುಂಪಿನ ಮುಂದಾಳು ನರ್ಸಮ್ಮ ಡ್ಯೂಟಿ ಮುಗಿಸಿ ನೋಡಲು ಬಂದಿದ್ದರು. ಜೋಳಿಗೆ ಬ್ಯಾಂಡೇಜ್ ಬಿಚ್ಚಿ ಮತ್ತೆ ಕಟ್ಟಿದರು. "ಯಾವ ಪುಣ್ಯಾತ್ಮ ಕಟ್ಟಿದ್ದು ಇದನ್ನ? ತರಕಾರಿ ಚೀಲ ಕಟ್ಟಿದ ಹಾಗಿದೆ" ಎಂದರು. ಕಟ್ಟಿದ್ದು ನನ್ನ ಹೆಂಡತಿ, ಪಕ್ಕದಲ್ಲೇ ನಿಂತಿದ್ದಳು.

ಹೋಗುವಾಗ ಬಾಗಿಲಲ್ಲಿ ನಿಂತು, "ನಿಮ್ಮ ಚಕ್ರ ಮುಂದಿನವರ ಪಕ್ಕಕ್ಕೆ ನುಗ್ಗುತ್ತೆ ಅಂತ ಹೋದ ವರ್ಷ ಎಷ್ಟು ಸಲ ಹೇಳಿದ್ದೆ" ಎಂದರು. ಹೇಳಿದ್ದು ನಿಜ. ಮುಂದಿನವನ ವೇಗ ಕಮ್ಮಿ ಅನ್ನಿಸಿದಾಗ ನನ್ನ ಚಕ್ರವನ್ನು ಅವನ ಚಕ್ರದ ಪಕ್ಕಕ್ಕೆ ತಂದು ಸ್ವಲ್ಪ ಚುರುಕು ಮಾಡುವುದುಂಟು. ಆದರೆ ಅದು ಬೇರೆ ವಿಷಯ.

ಮಾರ್ಚ್ 24, ಭಾನುವಾರ

ನಮ್ಮ ಗುಂಪಿನ ಒಂಟೆ ನನ್ನ ಸೈಕಲ್ ತಂದುಕೊಟ್ಟ. ನೂರು ಕಿಲೋಮೀಟರ್ ಹೋದರೂ ನೀರು ಕುಡಿಯುವುದಿಲ್ಲ ಎಂದು ಅವನಿಗೆ ಆ ಹೆಸರು. ಮುಂದಿನ ಚಕ್ರ ಬಿಚ್ಚಿ ನೋಡಿದೆ. ಅಟ್ಟದ ಮೇಲೆ ಇಟ್ಟೆ. ಹೊಸದು ತರಿಸಬೇಕು.

ಏಪ್ರಿಲ್ 7, ಭಾನುವಾರ

ಭಾವ ಬಂದಿದ್ದ. ಮೂಸಂಬಿ ತಂದಿದ್ದ. ಕುರ್ಚಿಯ ತುದಿಯಲ್ಲಿ ಕೂತು ನನ್ನ ಭುಜವನ್ನೇ ನೋಡುತ್ತಿದ್ದ.

"ನೋವು?"

"ಕಮ್ಮಿ."

"ಕೈ ಎತ್ತೋಕಾಗುತ್ತಾ?"

"ಇಷ್ಟು."

"ಹ್ಮ್."

ಅವನು ಲಿಫ್ಟ್ ರಿಪೇರಿ ಮಾಡುವವನು. ವಾರವೆಲ್ಲ ಜನರನ್ನು ಗುಂಡಿ ಒತ್ತಿ ಮೇಲೆ ಕಳಿಸಿ ಭಾನುವಾರ ತಾನು ತುಳಿದುಕೊಂಡು ಮೇಲೆ ಹೋಗುತ್ತೇನೆ ಎನ್ನುತ್ತಿದ್ದ. ಏರಿನಲ್ಲಿ ಎಲ್ಲರೂ ಏದುಸಿರು ಬಿಡುವಾಗ ಇವನೊಬ್ಬ ಮಾತಾಡುತ್ತಿದ್ದ. ಮದುವೆಗೆ ಹೊರಟ ಗಂಡು ಲಿಫ್ಟಿನಲ್ಲಿ ಸಿಕ್ಕಿಕೊಂಡದ್ದು, ಜಗಳ ಆಡಿದ ಗಂಡಹೆಂಡತಿ ಮೂರನೇ ನಾಲ್ಕನೇ ಮಹಡಿಯ ನಡುವೆ ಎರಡು ಗಂಟೆ ಸಿಕ್ಕಿಕೊಂಡು ರಾಜಿಯಾದದ್ದು. "ಉಸಿರು ಉಳಿಸ್ಕೊಳ್ಳೋ" ಎಂದು ನಾನು ಬೈಯುತ್ತಿದ್ದೆ.

ಇವತ್ತು ಹದಿನೈದು ನಿಮಿಷ ಕೂತಿದ್ದ. ಆಡಿದ ಮಾತು ಮೇಲೆ ಬರೆದಷ್ಟೇ. ಸೈಕಲ್ಲಿನ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಏಪ್ರಿಲ್ 19, ಶುಕ್ರವಾರ

ಜೋಳಿಗೆ ತೆಗೆದರು. ಲ್ಯಾಬಿಗೆ ಪೂರ್ತಿ ದಿನ ಹೋದೆ. ನಾವು ಹಲ್ಲಿನ ಸೆಟ್ ಮಾಡುತ್ತೇವೆ. ಡಾಕ್ಟರುಗಳು ಅಚ್ಚು ಕಳಿಸುತ್ತಾರೆ, ನಾವು ಅದರ ಮೇಲೆ ಮೇಣ ಇಟ್ಟು ಹಲ್ಲು ಕೂರಿಸುತ್ತೇವೆ. ಇವತ್ತು ಬಂದ ಒಂದು ಹಳೆಯ ಸೆಟ್ಟಿನಲ್ಲಿ ಎಡಗಡೆಯ ದವಡೆ ಹಲ್ಲು ಮಾತ್ರ ಸವೆದಿತ್ತು. ಜೊತೆಗಿದ್ದ ಚೀಟಿಯಲ್ಲಿ "ಎರಡೂ ಕಡೆ ಸಮನಾಗಿ ಅಗಿಯುತ್ತಾರೆ" ಎಂದು ಬರೆದಿತ್ತು. ಓನರ್ ನಕ್ಕರು. "ಬಾಯಿ ಏನು ಬೇಕಾದ್ರೂ ಹೇಳುತ್ತೆ ಮಾರಾಯ. ಗುರುತು ಎಲ್ಲಿದೆ ನೋಡಿ ಕೆಲಸ ಮಾಡು."

ಮೂರು ಗಂಟೆಗೆ ಕೈ ನೋಯುತ್ತದೆ ಎಂದು ಹೇಳಿ ಮನೆಗೆ ಬಂದೆ. ಅಷ್ಟೇನೂ ನೋಯುತ್ತಿರಲಿಲ್ಲ.

ಏಪ್ರಿಲ್ 28, ಭಾನುವಾರ

ನರ್ಸಮ್ಮ ಫೋನ್ ಮಾಡಿದ್ದರು. ಊರಿನ ಬೇರೆ ಸೈಕಲ್ ಗುಂಪಿನವರಿಗೂ ಹಂಚಲು ಒಂದು ಸುರಕ್ಷತೆಯ ಹಾಳೆ ಮಾಡುತ್ತಿದ್ದಾರಂತೆ. ಅಪಘಾತ ಹೇಗಾಯಿತು ಎಂದು ಹತ್ತು ಸಾಲು ಬರೆದುಕೊಡಿ ಎಂದರು. ಹೆಸರು ಬೇಡ, ನಡೆದದ್ದು ಮಾತ್ರ.

ಮೂರು ಸಲ ಬರೆದೆ. ಮೂರು ಸಲವೂ ಆರನೇ ಸಾಲಿಗೆ ನಿಂತಿತು. ನಾಲ್ಕನೇ ಸಲ ಮುಗಿಸಿದೆ: "ಮುಂದಿನ ಸವಾರ ಕೈ ತೋರಿಸದೆ ಬಲಕ್ಕೆ ತಿರುಗಿದ್ದರಿಂದ."

ಮೇ 4, ಶನಿವಾರ

ನನ್ನ ಹೆಂಡತಿಯದು ಜೆರಾಕ್ಸ್ ಅಂಗಡಿ. ನರ್ಸಮ್ಮ ಹಾಳೆಯನ್ನು ಅವಳಿಗೇ ಕೊಟ್ಟಿದ್ದಾರೆ. ಸಂಜೆ ಅಂಗಡಿಗೆ ಹೋದಾಗ ಮೆಷಿನ್ ಓಡುತ್ತಿತ್ತು. ಹಾಳೆಗಳು ಒಂದರ ಮೇಲೊಂದು ಬೀಳುತ್ತಿದ್ದವು. ಅವಳು ಕಟ್ಟನ್ನು ಟೇಬಲ್ಲಿಗೆ ಕುಟ್ಟಿ ಅಂಚು ಸರಿಮಾಡಿದಳು.

"ಇಪ್ಪತ್ತು ಕಾಪಿ. ನಮ್ಮಣ್ಣನ ತಪ್ಪು ಇಪ್ಪತ್ತು ಸಲ ಅಚ್ಚಾಯ್ತು."

"ಹೆಸರು ಹಾಕಿಲ್ವಲ್ಲ."

"ಗೊತ್ತಿರೋರಿಗೆ ಹೆಸರು ಯಾಕೆ ಬೇಕು?"

ಹಾಳೆಗಳು ಇನ್ನೂ ಬೆಚ್ಚಗಿದ್ದವು. ಚೀಲಕ್ಕೆ ಹಾಕಿಕೊಂಡು ನರ್ಸಮ್ಮನಿಗೆ ಕೊಟ್ಟು ಬಂದೆ.

ಮೇ 12, ಭಾನುವಾರ
ದೂರ: 41 ಕಿ.ಮೀ. ಗಾಳಿ: ಎದುರು.

ಹತ್ತು ವಾರದ ಮೇಲೆ ರಸ್ತೆಗೆ ಬಂದೆ. ಹೊಸ ಚಕ್ರ ಸರಿಯಾಗಿದೆ. ಭುಜವೂ ಪರವಾಗಿಲ್ಲ. ನರ್ಸಮ್ಮ ನನ್ನನ್ನು ಒಂಟೆಯ ಹಿಂದೆ ಹಾಕಿದರು.

ಒಂಟೆಯದು ಅಗಲ ಬೆನ್ನು, ಗಾಳಿ ಚೆನ್ನಾಗಿ ತಡೆಯುತ್ತದೆ. ಆದರೆ ನನಗೆ ಆ ಬೆನ್ನನ್ನು ಓದಲು ಬರುವುದಿಲ್ಲ. ಯಾವಾಗ ಎದ್ದು ನಿಂತು ತುಳಿಯುತ್ತಾನೆ, ಯಾವಾಗ ನಿಲ್ಲಿಸುತ್ತಾನೆ, ಒಂದೂ ತಿಳಿಯಲಿಲ್ಲ. ಎರಡು ಸಲ ಸುಮ್ಮಸುಮ್ಮನೆ ಬ್ರೇಕ್ ಹಿಡಿದೆ.

ಭಾವನ ಬೆನ್ನು ಹಾಗಲ್ಲ. ಸಾಮಾನಿನ ಚೀಲ ಹೊತ್ತು ಹೊತ್ತು ಅವನ ಬಲ ಭುಜ ಒಂದು ಬೆರಳಿನಷ್ಟು ಕೆಳಗಿದೆ. ಎದ್ದು ತುಳಿಯುವ ಮೊದಲು ಗದ್ದ ಎದೆಗೆ ತಾಗಿಸುತ್ತಾನೆ, ಹಿಂದಿನಿಂದ ನೋಡಿದರೆ ತಲೆ ಇಷ್ಟು ಇಳಿಯುತ್ತದೆ. ಸುಸ್ತಾದಾಗ ಎಡ ಮೊಣಕೈ ಹೊರಗೆ ಬರುತ್ತದೆ. ಮಾತು ಶುರುಮಾಡುವ ಮೊದಲು ಒಮ್ಮೆ ಬಲಕ್ಕೆ ಉಗುಳುತ್ತಾನೆ, ಕತೆ ಬಂತು ಎಂದು ಅದರಿಂದಲೇ ಗೊತ್ತಾಗುತ್ತದೆ. ಹನ್ನೊಂದು ವರ್ಷ ಭಾನುವಾರಕ್ಕೆ ನಾಲ್ಕೈದು ಗಂಟೆಯಂತೆ ಈ ಬೆನ್ನು ನೋಡಿದ್ದೇನೆ. ಅವನ ಮುಖವನ್ನು ಇಷ್ಟು ಹೊತ್ತು ನೋಡಿರಲಾರೆ.

ಎದುರುಗಾಳಿಗೆ ಕಣ್ಣಲ್ಲಿ ನೀರು ಬಂತು. ಕನ್ನಡಕ ತರಲು ಮರೆತಿದ್ದೆ.

ಮೇ 20, ಸೋಮವಾರ

ಊಟದ ಹೊತ್ತಿಗೆ ಹೆಂಡತಿ ಹೇಳಿದಳು. "ಅಣ್ಣ ಸೈಕಲ್ ಕೊಟ್ಟುಬಿಡ್ತಾನಂತೆ. ಆಫೀಸಿನಲ್ಲಿ ಯಾರೋ ಕೇಳಿದಾರಂತೆ. ತಿಂಗಳ ಕೊನೆಗೆ ಬಂದು ತಗೊಂಡು ಹೋಗ್ತಾರಂತೆ."

"ಯಾಕೆ?"

"ನನ್ನ ಕೇಳ್ತೀರಾ?" ಎಂದು ತಟ್ಟೆ ಎತ್ತಿದಳು. ಅಡುಗೆಮನೆಯಿಂದಲೇ ಉಳಿದದ್ದು ಹೇಳಿದಳು. "ಅತ್ತಿಗೆ ಫೋನ್ ಮಾಡಿದ್ರು. ಕೆಲಸದಲ್ಲೂ ಹಾಗೇ ಅಂತೆ. ಒಂದು ಲಿಫ್ಟಿನ ಬ್ರೇಕ್ ಮೂರು ಸಲ ನೋಡ್ತಾನಂತೆ. ಮನೆಗೆ ಬಂದವನು ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹೋಗ್ತಾನಂತೆ, ಇನ್ನೊಂದು ಸಲ ನೋಡೋಕೆ. ತನ್ನ ಕೈ ಮೇಲೇ ನಂಬಿಕೆ ಇಲ್ಲ ಅಂತಾನಂತೆ."

ನಲ್ಲಿ ನೀರು ಬಿಟ್ಟಳು. ಆಮೇಲಿನದು ಕೇಳಿಸಲಿಲ್ಲ.

ಮೇ 23, ಗುರುವಾರ

ಲ್ಯಾಬಿಗೆ ರಜೆ ಹಾಕಿದೆ. ಅಟ್ಟದಿಂದ ಹಳೆಯ ಚಕ್ರ ಇಳಿಸಿ ಕಿಟಕಿಯ ಬೆಳಕಿಗೆ ಹಿಡಿದೆ.

ಹಿಂದಿನಿಂದ ನೇರ ಹೋಗಿ ಗುದ್ದಿದ್ದರೆ ಟೈರಿನ ಮೇಲ್ಮೈಯಲ್ಲಿ ಗುರುತು ಇರಬೇಕು. ಇಲ್ಲ. ಗುರುತು ಇರುವುದು ಚಕ್ರದ ಎಡ ಪಕ್ಕದಲ್ಲಿ. ಒಂದು ಗೇಣು ಉದ್ದದ ಕಪ್ಪು ಗೀರು, ಅದು ಅವನ ಟೈರು ಉಜ್ಜಿದ್ದು. ಅದರ ಕೊನೆಯಲ್ಲಿ ಅಕ್ಕಿಕಾಳಿನಷ್ಟು ತಗ್ಗು, ಅದು ಅವನ ಚಕ್ರದ ನಟ್ಟು ಕುಟ್ಟಿದ್ದು. ನಟ್ಟು ಚಕ್ರದ ನಡುವೆ ಇರುತ್ತದೆ. ಅಂದರೆ ನನ್ನ ಚಕ್ರ ಅವನ ಚಕ್ರದ ಬಲಕ್ಕೆ, ಅರ್ಧ ಚಕ್ರದಷ್ಟು ಮುಂದಕ್ಕೆ ಹೋಗಿತ್ತು. ಇದನ್ನು ಮಾರ್ಚ್ 24ರಂದೇ ನೋಡಿದ್ದೆ. ಅವತ್ತು ಬರೆಯಲಿಲ್ಲ.

ಇನ್ನೊಂದು. ಆ ಗಳಿಗೆಯಲ್ಲಿ ನಾನು ನೋಡುತ್ತಿದ್ದದ್ದು ಹ್ಯಾಂಡಲ್ ಮೇಲಿನ ಮೀಟರ್. ಮೂವತ್ತೆರಡು ಇತ್ತು, ಮೂವತ್ತನಾಲ್ಕು ಆಗಲಿ ಎಂದು ಅವನ ಪಕ್ಕಕ್ಕೆ ನುಗ್ಗಿದ್ದೆ. ಅವನು ಕೈ ತೋರಿಸಿದ್ದು ನಾನು ನೋಡಲಿಲ್ಲ. ತೋರಿಸಲಿಲ್ಲ ಎಂಬುದನ್ನೂ ನೋಡಲಿಲ್ಲ.

ಮೇ 27, ಸೋಮವಾರ

ಫೋನ್ ಎರಡು ಸಲ ತೆಗೆದು ಇಟ್ಟೆ.

ಮೇ 29, ಬುಧವಾರ

ಭಾವ ಒಂದು ಒಂಬತ್ತು ಮಹಡಿಯ ಕಟ್ಟಡದಲ್ಲಿ ಕೆಲಸದಲ್ಲಿದ್ದಾನೆ ಎಂದು ತಿಳಿದು ಮಧ್ಯಾಹ್ನ ಅಲ್ಲಿಗೆ ಹೋದೆ. ಅವನು ರಿಪೇರಿ ಮಾಡುತ್ತಿದ್ದದ್ದು ಅಲ್ಲಿನ ಒಂದೇ ಲಿಫ್ಟು. ಮೆಟ್ಟಿಲು ಹತ್ತಿದೆ. ಮೇಲಿನ ಮೆಷಿನ್ ರೂಮಿನ ಬಾಗಿಲು ತೆರೆದಿತ್ತು. ಮೋಟಾರಿನ ಮುಂದೆ ಮಂಡಿಯೂರಿ ಕೂತಿದ್ದ. ಮೊದಲು ಕಂಡದ್ದು ಬೆನ್ನೇ.

"ಕೆಳಗೆ ಬೋರ್ಡ್ ಹಾಕಿದ್ನಲ್ಲ, ಲಿಫ್ಟ್ ಕೆಟ್ಟಿದೆ ಅಂತ" ಎಂದ, ತಿರುಗದೆ.

"ಮೆಟ್ಟಿಲು ಕೆಟ್ಟಿಲ್ವಲ್ಲ."

ಧ್ವನಿ ಕೇಳಿ ತಿರುಗಿದ. "ನೀನಾ! ಈ ಭುಜ ಇಟ್ಕೊಂಡು ಒಂಬತ್ತು ಮಹಡಿ ಹತ್ತಿದ್ಯಾ?"

"ಭುಜದಲ್ಲಿ ಹತ್ತಲಿಲ್ಲ ಮಾರಾಯ, ಕಾಲಲ್ಲಿ."

ನಕ್ಕ. ಅವನು ನಗುತ್ತಿರುವಾಗಲೇ ಹೇಳಬೇಕಾಯಿತು. ನಿಂತುಕೊಂಡೇ ಎಲ್ಲ ಹೇಳಿದೆ. ಚಕ್ರದ ಗುರುತು, ಮೀಟರ್, ನುಗ್ಗಿದ್ದು, ಹಾಳೆಯಲ್ಲಿ ಬರೆದದ್ದು. ಎರಡು ನಿಮಿಷವೂ ಆಗಿರಲಾರದು.

ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ.

"ಚಕ್ರ ಯಾವತ್ತು ನೋಡಿದೆ?"

"ಮಾರ್ಚ್ ಇಪ್ಪತ್ತನಾಲ್ಕು."

"ಇವತ್ತು ಮೇ ಇಪ್ಪತ್ತೊಂಬತ್ತು."

"ಹೌದು."

"ನಡುವೆ ಮೂಸಂಬಿ ತಂದಿದ್ದೆ."

"ಹೌದು."

ಎದ್ದು ಸ್ವಿಚ್‌ಬೋರ್ಡಿನ ಬಳಿ ಹೋದ. ಅಲ್ಲಿಂದಲೇ ಹೇಳಿದ. "ಮೊದಲನೇ ದಿನ ನಾನು ಕೈ ತೋರಿಸಿದೆ ಅಂತಲೇ ನೆನಪಿತ್ತು ಕಣೋ. ಬೆರಳು ಹೀಗೆ ಮಾಡಿದ್ದು ಸಹ ನೆನಪಿತ್ತು. ನೀನು ಇಲ್ಲ ಅಂದೆ. ನೀನು ಹೇಳಿದ್ಮೇಲೆ ಸುಳ್ಳು ಇರಲ್ಲ ಅಂತ ಆ ನೆನಪನ್ನೇ ಬಿಟ್ಟುಬಿಟ್ಟೆ. ಈಗ ಹುಡುಕಿದ್ರೂ ಸಿಗ್ತಿಲ್ಲ."

"ಭಾವ..."

"ಕೆಳಗೆ ಹೋಗು. ಪವರ್ ಹಾಕ್ಬೇಕು. ಹೊರಗಿನವರು ಇಲ್ಲಿ ನಿಲ್ಲೋ ಹಾಗಿಲ್ಲ."

ಇಳಿದು ಬಂದೆ. ಐದನೇ ಮಹಡಿಯಲ್ಲಿರುವಾಗ ಲಿಫ್ಟ್ ಶುರುವಾದ ಸದ್ದು ಕೇಳಿಸಿತು. ಖಾಲಿ ಲಿಫ್ಟು ನನ್ನ ಪಕ್ಕದ ಗೋಡೆಯೊಳಗೆ ಕೆಳಗೆ ಹೋಯಿತು, ಮೇಲೆ ಬಂತು. ಒಂದೇ ಸಲ. ನಿಂತು ಕಾದೆ. ಎರಡನೇ ಸಲ ಓಡಿಸಲಿಲ್ಲ.

ಜೂನ್ 2, ಭಾನುವಾರ
ದೂರ: 78 ಕಿ.ಮೀ.

ಸವಾರಿ ಮುಗಿದ ಮೇಲೆ ಟೀ ಅಂಗಡಿಯಲ್ಲಿ ಎಲ್ಲರಿಗೂ ಹೇಳಿದೆ. ಒಂಟೆ ತಲೆ ತಗ್ಗಿಸಿ ಲೋಟ ನೋಡಿದ. ನರ್ಸಮ್ಮ "ಹಾಳೆ ವಾಪಸ್ ತಗೋತೀನಿ. ಹೊಸದು ಬರೀರಿ. ಈ ಸಲ ಹತ್ತು ಸಾಲಿಗೆ ಮುಗಿಸ್ಬೇಡಿ" ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಹದಿನೇಳು ಸಾಲು ಬರೆದೆ. ಹೆಂಡತಿ ಅಂಗಡಿಯಲ್ಲಿ ನಿಂತೇ ಓದಿದಳು, ಎರಡು ಸಲ. "ಇದಕ್ಕೆ ಹೆಸರು ಹಾಕ್ಬೇಕಾ?" ಎಂದು ಕೇಳಿದಳು. ಹಾಕು ಎಂದೆ. ಇಪ್ಪತ್ತು ಕಾಪಿ ತೆಗೆದಳು. ಮನೆಗೆ ಬರುವ ದಾರಿಯಲ್ಲಿ, "ಅಣ್ಣ ಸೈಕಲ್ ಕೊಟ್ಟಿಲ್ಲ. ತಗೊಳ್ಳೋಕೆ ಅವರು ಬಂದಾಗ ಟೈರಿಗೆ ಗಾಳಿ ಹೊಡೀತಿದ್ನಂತೆ" ಎಂದಳು.

ನನಗೆ ಭಾವ ಫೋನ್ ಮಾಡಿಲ್ಲ.

ಜೂನ್ 9, ಭಾನುವಾರ
ದೂರ: 109 ಕಿ.ಮೀ. ಏರು: 1,240 ಮೀಟರ್. ಗಾಳಿ: ಇಲ್ಲ.

ನಸುಕಿಗೆ ಸೇರುವ ಜಾಗದಲ್ಲಿ ಐದು ಸೈಕಲ್ ಇದ್ದವು. ಭಾವ ಎಲ್ಲರಿಗೂ ಒಟ್ಟಿಗೇ ತಲೆಯಾಡಿಸಿದ, ಅದರಲ್ಲಿ ನನ್ನ ಪಾಲು ಎಷ್ಟು ಎಂದು ಹೇಳಲಾರೆ. ನರ್ಸಮ್ಮ ಅವನನ್ನು ಮೊದಲು, ನನ್ನನ್ನು ಕೊನೆಗೆ ಹಾಕಿದರು. ನಡುವೆ ಮೂವರು. ತೊಂಬತ್ತು ಕಿಲೋಮೀಟರ್ ಹಾಗೇ ಹೋದೆವು. ಮೀಟರನ್ನು ನಿನ್ನೆಯೇ ಬಿಚ್ಚಿಟ್ಟಿದ್ದೆ. ಮೇಲಿನ ಅಂಕಿಗಳನ್ನು ಒಂಟೆಯ ಹತ್ತಿರ ಕೇಳಿ ಬರೆದಿದ್ದೇನೆ.

ತಪ್ಪಲಿನಲ್ಲಿ ಸಾಲು ಮುರಿಯುತ್ತದೆ. ಏರಿನಲ್ಲಿ ಅವರವರ ಶಕ್ತಿ, ಯಾರೂ ಯಾರಿಗೂ ಕಾಯುವುದಿಲ್ಲ. ಮೂರನೇ ತಿರುವಿಗೆಲ್ಲ ನಾನು ಒಬ್ಬನೇ ಉಳಿದೆ. ಭುಜ ನೋಯಲಿಲ್ಲ, ಕಾಲಿನಲ್ಲಿ ಬಲ ಇರಲಿಲ್ಲ. ಹತ್ತು ವಾರ ಮಲಗಿದ್ದು ಹತ್ತು ವಾರವೇ.

ಹದಿನೇಳನೇ ತಿರುವಿನ ಹೊತ್ತಿಗೆ ತಲೆ ಎತ್ತಿದೆ. ರಸ್ತೆ ಅಲ್ಲಿ ಮಡಿಚಿಕೊಂಡು ನಮ್ಮ ನೆತ್ತಿಯ ಮೇಲೇ ಹೋಗುತ್ತದೆ. ಮೇಲಿನ ತಿರುವಿನ ಕಟ್ಟೆಯ ಪಕ್ಕ ಭಾವ ನಿಂತಿದ್ದ. ಒಂದು ಕಾಲು ನೆಲದ ಮೇಲೆ, ಒಂದು ಪೆಡಲ್ ಮೇಲೆ. ನೆಟ್ಟಗೆ ನೋಡಿದರೆ ನಡುವೆ ನೂರು ಅಡಿ ಎತ್ತರ. ರಸ್ತೆಯಲ್ಲಿ ಹೋದರೆ ಆರುನೂರು ಮೀಟರ್. ಸೈಕಲ್ ಏನಾದರೂ ಕೆಟ್ಟಿತೇ ಎಂದುಕೊಂಡೆ. ನಾನು ಕಣ್ಣಿಗೆ ಬಿದ್ದ ಕೂಡಲೇ ಹೊರಟುಬಿಟ್ಟ.

ಆರುನೂರು ಮೀಟರ್ ತುಳಿದು ಅಲ್ಲಿಗೆ ತಲುಪಿದೆ. ಕಟ್ಟೆ ಖಾಲಿ. ತಲೆ ಎತ್ತಿದರೆ ಅದರ ಮೇಲಿನ ತಿರುವಿನಲ್ಲಿ ನಿಂತಿದ್ದ. ನನ್ನನ್ನು ನೋಡಿದ, ಹೊರಟ.

ಹತ್ತೊಂಬತ್ತರಲ್ಲೂ ಹಾಗೇ. ಇಪ್ಪತ್ತರಲ್ಲೂ ಹಾಗೇ. ಕಾಯುತ್ತಿದ್ದಾನೆ ಎನ್ನಲು ಆಗಲಿಲ್ಲ, ತಲುಪಲು ಬಿಡುತ್ತಿರಲಿಲ್ಲ. ಬಿಟ್ಟುಹೋಗುತ್ತಿದ್ದಾನೆ ಎನ್ನಲೂ ಆಗಲಿಲ್ಲ. ಇಪ್ಪತ್ತೆರಡರಲ್ಲಿ ಬೇಗ ತಲುಪೋಣ ಎಂದು ಎದ್ದು ನಿಂತು ತುಳಿದೆ, ಅವನೂ ಅಷ್ಟೇ ಬೇಗ ಹೊರಟ. ಇಪ್ಪತ್ತನಾಲ್ಕರಲ್ಲಿ ಆಗದೆ ಇಳಿದು ಕಟ್ಟೆಯ ಮೇಲೆ ಕೂತೆ. ಐದು ನಿಮಿಷ ಕೂತಿರಬೇಕು. ಮೇಲೆ ಅವನೂ ಐದು ನಿಮಿಷ ನಿಂತೇ ಇದ್ದ. ಬೇರೆ ಕಡೆ ನೋಡುತ್ತಿದ್ದ. ನಾನು ಸೈಕಲ್ ಹತ್ತಿದ ಮೇಲೆ ಹೊರಟ.

ಇಪ್ಪತ್ತೈದು. ಇಪ್ಪತ್ತಾರು. ಮೇಲೆ ಮೋಡ ಇತ್ತು, ಅವನ ಹಳದಿ ಜಾಕೆಟ್ ಮಾತ್ರ ಕಾಣುತ್ತಿತ್ತು. ಇಪ್ಪತ್ತೇಳು. ಹೋಗಬೇಡ ಎಂದು ಕೂಗಬೇಕು ಅನ್ನಿಸಿತು, ಉಸಿರು ಇರಲಿಲ್ಲ.

ಇಪ್ಪತ್ತೆಂಟನೇ ತಿರುವಿನಲ್ಲಿ ಅವನು ಹೊರಡಲಿಲ್ಲ.

ನಾನು ಹತ್ತಿರ ಹೋಗಿ ಇಳಿದೆ. ಅವನು ನನ್ನ ಮುಖ ನೋಡಲಿಲ್ಲ, ಮುಂದಿನ ರಸ್ತೆ ನೋಡುತ್ತಿದ್ದ.

"ಇನ್ನೂ ಮುನ್ನೂರು ಮೀಟರ್ ಇದೆ" ಎಂದ. "ಉಸಿರು ತಗೋ. ಆಮೇಲೆ ಹೋಗೋಣ."